ಮಗಳ ಪಾಲಿನ ಡಿಸ್ಕ್

ಪೇಟೆಯವರೆಲ್ಲ ಅವನನ್ನು ಬೀಗದಣ್ಣ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಇವರಿಗೇ ನೆನಪಿದೆಯೋ ಇಲ್ಲವೋ ಎಂದು ಹೆಂಡತಿ ಹಿಂದೆಲ್ಲ ರೇಗಿಸುತ್ತಿದ್ದಳು. ಈಗ ಆ ಮನೆಯಲ್ಲಿ ಯಾರೂ ಯಾರನ್ನೂ ರೇಗಿಸುವುದಿಲ್ಲ. ಹೋದ ವರ್ಷ ಅವರ ಒಬ್ಬಳೇ ಮಗಳು ಬಸ್ಸಿಳಿದು ರಸ್ತೆ ದಾಟುವಾಗ ಹೋಗಿಬಿಟ್ಟಳು. ಕೈಯಲ್ಲಿದ್ದ ಫೋನೂ ಅಲ್ಲೇ ಪುಡಿಯಾಯಿತು. ಮನೆಗೆ ಉಳಿದದ್ದು ಅವಳ ಲ್ಯಾಪ್‌ಟಾಪ್ ಒಂದೇ.

ಮಗಳು ಹೋಟೆಲೊಂದರ ರಿಸೆಪ್ಷನ್ ಕೆಲಸಕ್ಕೆಂದು ಇಂಟರ್‌ವ್ಯೂ ತಯಾರಿ ಮಾಡಿಕೊಳ್ಳುತ್ತಿದ್ದಳು. ಲ್ಯಾಪ್‌ಟಾಪಿನ ಕ್ಯಾಮೆರಾ ಮುಂದೆ ಕೂತು ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿ ರೆಕಾರ್ಡ್ ಮಾಡುತ್ತಿದ್ದಳು. ತಡವರಿಸಿದಾಗ ಕ್ಯಾಮೆರಾಗೇ ಬೈಯುತ್ತಿದ್ದಳು. ಅವಳು ಹೋದ ಮೇಲೆ, ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಮಾಡಿ ಬರುವ ಹೆಂಡತಿ ಕೈಕಾಲು ತೊಳೆದವಳೇ ಆ ವಿಡಿಯೋಗಳ ಮುಂದೆ ಕೂರುತ್ತಿದ್ದಳು. ಒಂದರಲ್ಲಿ ಅವಳೇ ಬಟ್ಟೆಯ ಬಕೆಟ್ ಹಿಡಿದು ನಡುವೆ ನುಗ್ಗುತ್ತಾಳೆ. ಮಗಳು ಮುಖ ಗಂಟಿಕ್ಕಿ, "ಅಮ್ಮಾ, ರೆಕಾರ್ಡ್ ಆಗ್ತಿದೆ, ಆಚೆ ಹೋಗು" ಅನ್ನುತ್ತಾಳೆ. ಆ ಬೈಗುಳ ಕೇಳಿದಾಗ ಹೆಂಡತಿ ನಗುತ್ತಿದ್ದಳು. ದಿನಕ್ಕೆ ಆ ಮನೆಯಲ್ಲಿ ಕೇಳುತ್ತಿದ್ದ ನಗು ಅದೊಂದೇ, ಮತ್ತು ಬೀಗದಣ್ಣ ಅದಕ್ಕಾಗಿ ಒಳಕೋಣೆಯಲ್ಲಿ ಕಿವಿಗೊಟ್ಟು ಕಾಯುತ್ತಿದ್ದ.

ಇತ್ತ ಬೀಗ ರಿಪೇರಿ ಮಾಡಿ ಕೀ ಮಾಡಿಕೊಡುವ ಅವನ ಅಂಗಡಿಯ ಸ್ಥಿತಿ ನೆಟ್ಟಗಿರಲಿಲ್ಲ. ಕಾರಿನ ಕೀಗಳ ಹೊಟ್ಟೆಯಲ್ಲೆಲ್ಲ ಈಗ ಎಲೆಕ್ಟ್ರಾನಿಕ್ ಚಿಪ್. ಅವನ ಹಳೆಯ ಯಂತ್ರ ಹೊಸ ಕಾರುಗಳ ಮುಂದೆ ಕಣ್ಣು ಕಣ್ಣು ಬಿಡುತ್ತಿತ್ತು. ಹೊಸ ಯಂತ್ರವೇನೋ ಬಂತು, ಆದರೆ ಅದರ ಸಾಫ್ಟ್‌ವೇರ್ ನಡೆಯುವುದು ಬೇರೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮಾತ್ರ. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಸಿಸ್ಟಮ್ ಹಾಕಬಹುದು, ಹಳೆಯದು ಹಾಗೇ ಇರುತ್ತದೆ ಎಂದು ಅವನು ಇಂಟರ್ನೆಟ್ಟಿನಲ್ಲಿ ಓದಿದ. ಮಗಳ ಲ್ಯಾಪ್‌ಟಾಪಿನಲ್ಲೇ ಹಾಗೆ ಮಾಡೋಣವೆಂದು ಹೆಂಡತಿಯ ಮುಂದೆ ಮಾತೆತ್ತಲು ಅವನಿಗೆ ಬಹಳ ದಿನ ಬಾಯೇ ಬರಲಿಲ್ಲ. ಕೊನೆಗೊಂದು ದಿನ ಹೇಳಿದ. ಡಿಸ್ಕಿನ ನಡುವೆ ಒಂದು ಗೋಡೆ, ಆಚೆ ಕಡೆ ನನ್ನ ಕೆಲಸ, ಈಚೆ ಕಡೆ ಅವಳದು ಎಂದು ಕೈಯಲ್ಲಿ ಗಾಳಿಯನ್ನು ಸೀಳಿ ತೋರಿಸಿದ.

"ಅವಳಿಗೇನೂ ಆಗಲ್ಲ ತಾನೇ?" ಎಂದಳು ಹೆಂಡತಿ.

"ಅವಳ ಪಾಲಿಗೆ ನಾನು ಬೆರಳೂ ತಾಗಿಸಲ್ಲ" ಎಂದ.

ಅಂಗಡಿಯ ವಾರದ ರಜೆಯ ದಿನ ಶಟರನ್ನು ಅರ್ಧ ಇಳಿಸಿ ಕೂತ. ಓದಿಕೊಂಡು ಬಂದ ಸೂಚನೆಗಳಲ್ಲಿ ಮೊದಲನೆಯದೇ, ಇರುವುದನ್ನೆಲ್ಲ ಬೇರೊಂದು ಕಡೆ ಕಾಪಿ ಮಾಡಿಟ್ಟುಕೊಳ್ಳಿ ಎಂದಿತ್ತು. ಅಲ್ಲಿ ಅವನು ತಡೆದ. ಮಾಲೀಕರು ಎದುರಿಗಿಲ್ಲದೆ ಯಾವ ಕೀಯ ನಕಲನ್ನೂ ಮಾಡಿಕೊಡಬಾರದು ಎಂಬುದು ಅವನ ಕಸುಬಿನ ನಿಷ್ಠೆ. ಗಂಡ ಬಂದು ಹೆಂಡತಿಯ ಬೀರುವಿನ ಕೀ ಕೊಟ್ಟರೂ, ಅವರನ್ನೇ ಕರೆದುಕೊಂಡು ಬನ್ನಿ ಅನ್ನುವ ಆಸಾಮಿ. ಮಗಳ ಫೈಲುಗಳಲ್ಲಿ ಅಪ್ಪ ನೋಡಬಾರದ್ದು ನೂರಿರಬಹುದು. ಕೇಳೋಣವೆಂದರೆ ಅವಳೆಲ್ಲಿ? ಬೆರಳೂ ತಾಗಿಸಲ್ಲ ಎಂದು ಹೆಂಡತಿಗೆ ಬೇರೆ ಮಾತು ಕೊಟ್ಟಾಗಿದೆ. ಹೀಗೆ ಯೋಚಿಸಿ, ತಾನು ಮರ್ಯಾದಸ್ತನೆಂದುಕೊಂಡು, ಆ ಸೂಚನೆಯನ್ನು ದಾಟಿ ಮುಂದೆ ಹೋದ. ಆ ಮರ್ಯಾದೆಗೆ ಬೆಂಕಿ ಬೀಳಲಿ.

ಜಾಗ ಪಾಲು ಮಾಡಿದ್ದು ಸಲೀಸಾಗಿ ಆಯಿತು. ಆದರೆ ಹೊಸ ಸಿಸ್ಟಮ್ ತುಂಬಿದ ಪೆನ್ ಡ್ರೈವನ್ನು ಲ್ಯಾಪ್‌ಟಾಪ್ ಒಳಗೆ ಬಿಟ್ಟುಕೊಳ್ಳಲಿಲ್ಲ. ಸೆಟ್ಟಿಂಗ್ಸ್ ಹೊಕ್ಕು ಒಂದೊಂದನ್ನೇ ಬದಲಾಯಿಸುತ್ತ ಹೋದ. ಒಂದು ಕಡೆ ಸೆಕ್ಯುರಿಟಿ ಚಿಪ್ ಕಾಣಿಸಿತು. ಅದರಲ್ಲಿರುವುದನ್ನು ಅಳಿಸುವ ಬಟನ್ನೂ ಅಲ್ಲೇ ಇತ್ತು. ಕಾರಿಗೆ ಹೊಸ ಕೀ ಕಲಿಸುವಾಗ ಅವನು ಮೊದಲು ಮಾಡುತ್ತಿದ್ದುದು ಅದನ್ನೇ: ಚಿಪ್‌ನ ಹಳೆಯ ನೆನಪನ್ನೆಲ್ಲ ಒರೆಸಿ, ಆಮೇಲೆ ಹೊಸದನ್ನು ತುಂಬುವುದು. ವರ್ಷಗಟ್ಟಲೆ ಮಾಡಿದ ಕೈ, ಯೋಚಿಸಲಿಲ್ಲ. ಪರದೆಯ ಮೇಲೆ ಎಚ್ಚರಿಕೆಯೇನೋ ಬಂತು. ಎಚ್ಚರಿಕೆಗಳನ್ನು ಓದುವ ಅಭ್ಯಾಸ ಜನಕ್ಕಿದ್ದಿದ್ದರೆ ಬೀಗದಣ್ಣನ ಅಂಗಡಿ ಎಂದೋ ಮುಚ್ಚಿಹೋಗುತ್ತಿತ್ತು. ಅವನೂ ಜನರಂತೆಯೇ ಹೌದು ಎಂದು ಒತ್ತಿದ.

ಆಮೇಲೆ ಎಲ್ಲ ಚಕಚಕನೆ ನಡೆಯಿತು. ಹೊಸ ಸಿಸ್ಟಮ್ ಬಂದು ಕೂತಿತು, ಕೀಗಳ ಸಾಫ್ಟ್‌ವೇರ್ ತೆರೆದುಕೊಂಡಿತು. ಬಹಳ ದಿನದ ಮೇಲೆ ಅವನಿಗೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳಬೇಕೆನಿಸಿತು. ಲ್ಯಾಪ್‌ಟಾಪನ್ನು ಮತ್ತೆ ಶುರು ಮಾಡಿ ಈ ಸಲ ಮಗಳ ಕಡೆಯದನ್ನು ಆರಿಸಿದ. ಯಾವಾಗಲೂ ಬರುತ್ತಿದ್ದ ಅವಳ ಫೋಟೋ ಬರಲಿಲ್ಲ. ನೀಲಿ ಪರದೆಯೊಂದು ಬಂದು, ಡಿಸ್ಕ್ ತೆರೆಯಲು ಉದ್ದನೆಯ ಸಂಖ್ಯೆಯೊಂದನ್ನು ಕೇಳಿತು. ಅಮ್ಮನಿಗೆ ಮಗಳು ಹೇಳಿಕೊಟ್ಟಿದ್ದ ಪುಟ್ಟ ಪಿನ್ ಅದಕ್ಕೆ ಯಾವ ಮೂಲೆಗೂ ಸಾಲುವಂತಿರಲಿಲ್ಲ.

ಪಕ್ಕದ ಬೀದಿಯ ಲ್ಯಾಪ್‌ಟಾಪ್ ರಿಪೇರಿಯವಳ ಹತ್ತಿರ ಓಡಿದ. ಅವಳು ಬಹಳ ಹೊತ್ತು ನೋಡಿದಳು. ಡಿಸ್ಕಿಗೆ ಮೊದಲಿನಿಂದಲೂ ಬೀಗವಿತ್ತು, ಅದನ್ನು ತಾನಾಗಿ ತೆರೆಯುತ್ತಿದ್ದುದು ಆ ಚಿಪ್ ಎಂದು ವಿವರಿಸಿದಳು. ಚಿಪ್ ಒರೆಸಿದ ಮೇಲೆ ಉಳಿದಿರುವ ದಾರಿ ಆ ಸಂಖ್ಯೆಯೊಂದೇ. ಅದು ಮಗಳ ಆನ್‌ಲೈನ್ ಅಕೌಂಟಿನಲ್ಲಿರುತ್ತದೆ, ಅಕೌಂಟಿಗೆ ಹೋಗಲು ಅವಳ ಪಾಸ್‌ವರ್ಡೋ ಫೋನೋ ಬೇಕು ಎಂದಳು. ಎರಡೂ ಇಲ್ಲ ಎಂದ. ಬೀಗ ಒಡೆಯಲು ಬರುತ್ತದಾ ಎಂದು ಕೇಳಿದ. ಇಷ್ಟು ವರ್ಷ ಜನ ತನ್ನನ್ನು ಕೇಳುತ್ತಿದ್ದ ಪ್ರಶ್ನೆ ಅದು.

"ಯಾರ ಕೈಲೂ ಆಗಲ್ಲ ಅಣ್ಣಾ" ಎಂದಳು ಅವಳು. "ಒಂದಕ್ಷರವೂ ಅಳಿಸಿಲ್ಲ. ಎಲ್ಲ ಒಳಗೇ ಇದೆ. ಬಾಗಿಲು ಮಾತ್ರ ತೆಗೆಯಲ್ಲ."

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಮನೆಗೆ ಬಂದ. ಹೆಂಡತಿ ಆಗಲೇ ಕೈಕಾಲು ತೊಳೆದು ಮೇಜಿನ ಮುಂದೆ ಕಾದಿದ್ದಳು. ಸುಳ್ಳು ಹೇಳೋಣವೆಂದು ದಾರಿಯುದ್ದಕ್ಕೂ ಹೆಣೆದುಕೊಂಡು ಬಂದಿದ್ದ; ಅವಳ ಮುಖ ಕಂಡಿದ್ದೇ ಅದು ಹಾರಿಹೋಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕಾಪಿ ಮಾಡಿಕೊಳ್ಳದ್ದನ್ನೂ ಬಿಡಲಿಲ್ಲ. ಅವಳು ಬೈಯಲಿ, ಕಿರುಚಲಿ, ಏನಾದರೂ ಎತ್ತಿ ಒಗೆಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಅವಳು ತಾನೇ ಲ್ಯಾಪ್‌ಟಾಪ್ ತೆರೆದು ಆನ್ ಮಾಡಿ, ಮಗಳ ಕಡೆಯದನ್ನು ಆರಿಸಿ, ನೀಲಿ ಪರದೆ ಬರುವ ತನಕ ಕಾದಳು. ಅದರ ಬೆಳಕು ಅವಳ ಮುಖದ ಮೇಲೆ ಬಿತ್ತು.

"ಒಳಗಿದ್ದಾಳಲ್ವಾ?" ಎಂದು ಕೇಳಿದಳು.

"ಇದ್ದಾಳೆ."

"ನನ್ನನ್ನ ಆಚೆ ಹೋಗು ಅಂದಿದ್ದೂ?"

"ಅದೂ ಇದೆ."

ಅವಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಸೆರಗಿನಿಂದ ಗಾಜನ್ನು ಮೆಲ್ಲಗೆ ಒರೆಸಿದಳು.

"ಹಾಗಾದ್ರೆ ಆಫ್ ಮಾಡ್ಬೇಡಿ" ಎಂದಳು. "ಸ್ವಲ್ಪ ಹೊತ್ತು ಆಚೆನೇ ಕೂತಿರ್ತೀನಿ."

ಬೀಗದಣ್ಣ ಚಾರ್ಜರ್ ಹುಡುಕಿ ತಂದು ಸಿಕ್ಕಿಸಿದ. ಆಮೇಲೆ ಎಂದಿನಂತೆ ಒಳಕೋಣೆಗೆ ಹೋಗದೆ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಸಿದು ಕೂತು, ಬಿಕ್ಕಿ ಬಿಕ್ಕಿ ಅತ್ತ.