ಹಿಮಗಾಳಿ ತಾಗಿದ ಗೂಳಿ

ನೆಬ್ರಾಸ್ಕದ ನಮ್ಮ ಮರಳುದಿಬ್ಬಗಳಲ್ಲಿ ಹುಲ್ಲು ಚಿಗುರಿದರೆ ಸಾಕು, ಹಸುಗಳ ನಡುವೆ ಗೂಳಿ ಬಿಡುವ ಆತುರ ಎಲ್ಲರಿಗೂ. ನನ್ನ ಮಾವ ಆರ್ವಿಡ್‌ಗೆ ಇನ್ನೂ ಹೆಚ್ಚು. ಅವರ ಮುದ್ದಿನ ಗೂಳಿ ಜನರಲ್ ಹೋದ ವರ್ಷ ಹಿಂಡು ತುಂಬ ಕರು ಕೊಟ್ಟಿದ್ದ.

ಈ ಸಲ ಹಿಂಡಿನಲ್ಲಿ ನನ್ನ ಮಗಳು ಟಿಲ್ಡಾಳ ಕಡಸುಗಳೂ ಇದ್ದವು. ತಾಯಿಯಿಲ್ಲದ ಆ ಕರುಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಅವಳೇ. ಗಬ್ಬವಾಗದ ದನವನ್ನು ಚಳಿಗಾಲಕ್ಕೆ ಮುಂಚೆ ಕಸಾಯಿಖಾನೆಗೆ ಮಾರುವುದು ನಮ್ಮಲ್ಲಿ ರೂಢಿ. ಅದು ಅವಳಿಗೂ ಗೊತ್ತಿತ್ತು.

ದನದ ಡಾಕ್ಟರು ಮಾರ್ಲಿಸ್ ಬಂದು, ಗೂಳಿಯನ್ನು ಪರೀಕ್ಷೆ ಮಾಡಿಸಿ ಎಂದಾಗ ಮಾವ ನಕ್ಕರು.

"ಅವನ ಕುತ್ತಿಗೆ ನೋಡಮ್ಮ. ನಿನ್ನೆ ಬೇಲಿ ಮುರ್ಕೊಂಡು ಹೋಗಿ ಹಸು ಹತ್ತಿದಾನೆ. ಇನ್ನೇನು ಪರೀಕ್ಷೆ, ಮಗ್ಗಿ ಕೇಳ್ತೀಯಾ?"

"ಹತ್ತೋದು ಬೇರೆ, ಗಬ್ಬ ಕಟ್ಟಿಸೋದು ಬೇರೆ, ಆರ್ವಿಡ್. ಮಾರ್ಚ್‌ನಲ್ಲಿ ಹಿಮಗಾಳಿ ಬೀಸ್ತಲ್ಲ, ಆಗ ಇವನು ಎಲ್ಲಿದ್ದ?"

ಮಾವ ಗೂಳಿಯನ್ನು ಹಿಡಿದು ತರಲು ಹೊರಟರು. ಹಿಮಗಾಳಿಯ ದಿನ ಹಿಂಡೆಲ್ಲ ಮರೆ ಸೇರಿದರೂ ಜನರಲ್ ಬಯಲಲ್ಲೇ ನಿಂತಿದ್ದ.

ಗೂಳಿಯನ್ನು ಅಲುಗಾಡದಂತೆ ಹಿಡಿಯುವ ಕಬ್ಬಿಣದ ಚೌಕಟ್ಟಿನಲ್ಲಿ ನಿಲ್ಲಿಸಿ, ಡಾಕ್ಟರು ಬೀಜದ ಸುತ್ತಳತೆ ತೆಗೆದರು. ಅಳತೆ ಚೆನ್ನಾಗಿಯೇ ಇತ್ತು, ಆದರೆ ಕೆಳಗಡೆ ಚಳಿಗೆ ಸುಟ್ಟು ಒಣಗಿದ ಹಕ್ಕಳೆ. ಆಮೇಲೆ ವೀರ್ಯದ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಮಾವನನ್ನೇ ಕರೆದರು. ಅವರು ಕನ್ನಡಕ ತೆಗೆದು, ಬಗ್ಗಿ, ಬಹಳ ಹೊತ್ತು ನೋಡಿದರು. ಚುರುಕಾಗಿ ಈಜಬೇಕಾದ ವೀರ್ಯಾಣುಗಳು ಹೆಚ್ಚಿನವು ಅಲುಗುತ್ತಲೇ ಇರಲಿಲ್ಲ. ಎಷ್ಟೋ ಬಾಲಗಳು ಮುರುಟಿದ್ದವು.

"ಹಾಗಾದ್ರೆ ಇವನ ಕಥೆ ಮುಗೀತಾ?"

"ಯಾಕೆ ಮುಗೀಬೇಕು? ಹೊಸ ವೀರ್ಯ ಬೆಳೆಯೋಕೆ ಎರಡು ತಿಂಗಳು ಬೇಕು, ಆಮೇಲೆ ಮತ್ತೆ ನೋಡೋಣ. ಈಗಲೇ ಬಿಟ್ರೆ ಮಾತ್ರ ಟಿಲ್ಡಾಳ ಕಡಸುಗಳು ಲಾರಿ ಹತ್ತುತ್ತವೆ."

ಮಾವ ಮೊಮ್ಮಗಳ ಮುಖ ನೋಡಿದರು. ನೆರೆಯವರಲ್ಲಿಗೆ ಹೋಗಿ, ಪರೀಕ್ಷೆಯಲ್ಲಿ ಗೆದ್ದಿದ್ದ ಗೂಳಿಯೊಂದನ್ನು ಕೇಳಿ ತಂದರು.

ಹುಲ್ಲು ಕಂದುವ ಹೊತ್ತಿಗೆ ಡಾಕ್ಟರು ಗಬ್ಬ ನೋಡಲು ಬಂದರು. ಒಂದೊಂದು ಕಡಸನ್ನೂ ನೋಡಿ "ಗಬ್ಬ" ಎಂದು ಕೂಗುತ್ತಾ ಹೋದರು. ಕೊನೆಯದಕ್ಕೂ ಅದೇ ಮಾತು ಬಂದಾಗ ಟಿಲ್ಡಾ ಬೇಲಿಯಿಂದ ಜಿಗಿದು ಕಡಸಿನ ಕುತ್ತಿಗೆ ತಬ್ಬಿದಳು. ಮಾವ ಟೋಪಿಯನ್ನು ಗಾಳಿಗೆ ತೂರಿದರು. ಅಷ್ಟರಲ್ಲಿ ಜನರಲ್ ಕೂಡ ಎರಡನೇ ಪರೀಕ್ಷೆ ಗೆದ್ದಿದ್ದ. "ನಮ್ಮ ಹುಡುಗ ಮಗ್ಗಿ ಒಪ್ಪಿಸಿಬಿಟ್ಟ," ಎಂದು ಮಾವ ಈಗ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ.

ನಿಮ್ಮ ಗೂಳಿಯೂ ದಷ್ಟಪುಷ್ಟವಾಗಿರಬಹುದು, ಹೋದ ವರ್ಷ ಬೇಕಾದಷ್ಟು ಕರು ಕೊಟ್ಟಿರಬಹುದು. ಆದರೂ ಪ್ರತಿ ವರ್ಷ ಹಿಂಡಿಗೆ ಬಿಡುವ ಮೊದಲು ಪರೀಕ್ಷೆ ಮಾಡಿಸಿ. ಬೇಕಾದರೆ ಬೇರೆ ಗೂಳಿ ಹುಡುಕಲು ಸಮಯ ಉಳಿಯುವಂತೆ ಮೊದಲೇ ಮಾಡಿಸಿ. ನಿಮ್ಮ ಹಿಂಡಿನಲ್ಲೂ ಯಾರೋ ಬಾಟಲಿ ಹಿಡಿದು ಸಾಕಿದ ಕಡಸು ಇದ್ದೀತು.