ಕಾಸ್ಮಿಯ ಕುದುರೆ

ಕೊರಳಲ್ಲಿ ಕ್ಯಾಮೆರಾ ಜೋತಾಡುತ್ತಿದ್ದ ದಢೂತಿ ಗಿರಾಕಿ ಹತ್ತಲು ಹೋಗಿ ಮತ್ತೆ ಮತ್ತೆ ಜಾರಿ ಇಳಿದರೂ ಕುದುರೆ ಮೆಂಡುಂಗ್ ಕದಲಲಿಲ್ಲ. ಕೊನೆಗೂ ಅವನು ಜೀನಿನ ಮೇಲೆ ಕೂತಾಗ ಕಾಸ್ಮಿ ಹೆಗಲಿಗೆ ಸುತ್ತಿದ್ದ ಸರೋಂಗ್ ಬಟ್ಟೆಯ ಮಡಿಕೆಯಿಂದ ಕ್ಯಾರೆಟ್ ತುಂಡೊಂದನ್ನು ತೆಗೆದು ಕುದುರೆಯ ಬಾಯಿಗಿಟ್ಟಳು. "ಶಭಾಷ್ ನನ್ ರಾಜ," ಅಂದಳು. ಪ್ರವಾಸಿಗರು ಕುದುರೆ ಸವಾರಿಗೆ ಬರುವ ಬ್ರೋಮೊ ಬೆಟ್ಟದ ಬುಡದ ಕಾಫಿ ಅಂಗಡಿಯಲ್ಲಿ, ಮಡಚಲಾಗದ ಎಡಗಾಲನ್ನು ಚಾಚಿ ಕೂತಿದ್ದ ಅವಳ ಗಂಡ ಸುಪೋಯೊ ಲೋಟವನ್ನು ಠಪ್ಪೆಂದು ಕೆಳಗಿಟ್ಟ. ಇಷ್ಟು ವರ್ಷ ಸಂಸಾರ ಮಾಡಿದ್ದಾಳೆ, ಒಂದು ದಿನವಾದರೂ ತನ್ನನ್ನು ರಾಜ ಅಂದಿದ್ದಾಳಾ?

"ಅಣ್ಣಾ, ಕುದುರೆ ಕೈಬಿಟ್ಟು ಹೋಯ್ತು ಅಂದ್ಕೋ," ಪಕ್ಕದಲ್ಲಿದ್ದ ಇನ್ನೊಬ್ಬ ಕುದುರೆಯವನು ಬೊಯಾದಿ ಕಿಸಕ್ಕೆಂದ. "ಗಿರಾಕಿಗಳಿಗೆಲ್ಲ ಅತ್ತಿಗೆ ಕುದುರೇನೇ ಬೇಕಂತೆ. ನಿಂದು ಅಂತ ಯಾರಿಗ್ ನೆನಪಿದೆ ಹೇಳು?"

"ಮುಚ್ಕೊಂಡು ಕಾಫಿ ಕುಡಿ."

ಬೊಯಾದಿ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಸುಪೋಯೊನ ಕಾಲದಲ್ಲಿ ಜೀನಿನಿಂದ ಜೋತ ರಿಕಾಪಿಗೆ ಕಾಲಿಟ್ಟರೆ ಸಾಕು, ಮೆಂಡುಂಗ್ ಗಿರಕಿ ಹೊಡೆಯುತ್ತಿತ್ತು. ಲಗಾಮು ಜಗ್ಗಿ, ಬಾಯಿಗೆ ಬಂದಂತೆ ಬೈದು, ಹಾರಿ ಕೂರುವುದೇ ಗಂಡಸುತನ ಅಂದುಕೊಂಡಿದ್ದ. ಹಾಗೆ ಹಾರಲು ಹೋಗಿಯೇ ಬಿದ್ದು ಮಂಡಿ ಮುರಿದುಕೊಂಡ. ಅವನು ಹಾಸಿಗೆ ಹಿಡಿದಾಗ ಹೊಟ್ಟೆಪಾಡಿಗೆ ಕಾಸ್ಮಿ ಲಗಾಮು ಹಿಡಿದಳು. ಕುದುರೆ ಹಿತ್ತಲಿನ ಹತ್ತುವ ಕಲ್ಲಿನ ಪಕ್ಕ ಸುಮ್ಮನೆ ನಿಂತರೆ ಒಂದು ತುಂಡು ಕ್ಯಾರೆಟ್. ರಿಕಾಪು ಅಲುಗಾಡಿಸಿದಾಗಲೂ ನಿಂತರೆ ಇನ್ನೊಂದು. ಬೆನ್ನ ಮೇಲೆ ಭಾರ ಬಿದ್ದಾಗಲೂ ನಿಂತರೆ ಮತ್ತೊಂದು. ಬೈಗುಳವಿಲ್ಲ, ಜಗ್ಗಾಟವಿಲ್ಲ.

"ನಾಳೆ ನೀವೇ ಹತ್ತಿ ನೋಡ್ರಿ," ಸಂಜೆ ಒಲೆಯ ಮುಂದೆ ಕೂತು ಅವಳು ಅಂದಳು. "ಆದ್ರೆ ಮೊದ್ಲೇ ಕೊಡ್ಬೇಡಿ. ನಿಂತ್ಮೇಲೆ ಕೊಡಿ."

"ನನ್ನ ಕುದುರೆ ವಿಷ್ಯ ನಿನ್ನಿಂದ ಕಲೀಬೇಕಾ ನಾನು?"

ಬೆಳಿಗ್ಗೆ ಅವಳು ಹುಲ್ಲು ತರಲು ಹೋದದ್ದೇ ತಡ, ಸುಪೋಯೊ ಕುದುರೆಯನ್ನು ಕಲ್ಲಿನ ಬಳಿಗೆ ಎಳೆದ. ಅದು ಬೆದರಿ ಓಡಿಹೋಗಬೇಕು, ಅವಳ ರಾಜನ ಬಂಡವಾಳ ಬಯಲಾಗಬೇಕು, ಅಷ್ಟೇ ಅವನಿಗೆ ಬೇಕಾಗಿದ್ದುದು. ಎಡಮಂಡಿ ಮಡಚಲಾಗದ ಅವನು ಬಲಗಡೆಯಿಂದಲೇ ಹತ್ತಬೇಕು. ಆ ಕಡೆಯಿಂದ ಯಾವ ಗಿರಾಕಿಯೂ ಹತ್ತುವುದಿಲ್ಲ, ಮೊದಲಿನಿಂದಲೂ ಆ ಕಡೆ ಯಾರು ಬಂದರೂ ಮೆಂಡುಂಗಿಗೆ ಆಗುತ್ತಿರಲಿಲ್ಲ. ಸಾಲದೆಂದು ಅದರ ಪಕ್ಕೆಗೆ ಒಂದು ಗುದ್ದಿದ. ಕುದುರೆ ಅತ್ತ ಸರಿಯಿತು. ಆಮೇಲೆ ತಾನಾಗಿಯೇ ಕಲ್ಲಿನ ಹತ್ತಿರ ಬಂದು ನಿಂತಿತು. ಕಿವಿ ಹಿಂದಕ್ಕೆ ಒರಗಿದ್ದವು, ಚರ್ಮ ನಡುಗುತ್ತಿತ್ತು. ಗೊರಸು ಮಾತ್ರ ಏಳಲಿಲ್ಲ.

ಬಿಟ್ಟರೆ ತಾನೇ ಸೋತಂತೆ. ಸುಪೋಯೊ ಏದುಸಿರು ಬಿಡುತ್ತಾ ಮೇಲೇರಿದ. ಸೆಟೆದ ಕಾಲು ಕುದುರೆಯ ಬೆನ್ನಿಗೆ ಉಜ್ಜಿಕೊಂಡೇ ಆಚೆ ಹೋಯಿತು. ಆಗಲೂ ಅದು ನಿಂತೇ ಇತ್ತು.

"ಅಯ್ಯೋ, ಹತ್ತೇಬಿಟ್ರಾ!" ಹುಲ್ಲಿನ ಹೊರೆ ಎಸೆದು ಕಾಸ್ಮಿ ಓಡಿಬಂದಳು. ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. "ಬಲಗಡೆಯಿಂದ ಹತ್ತಿದ್ರೂ ನಿಲ್ಲೋದು ಕಲ್ಸೋಕೇ ಜೀವ ಹೋಯ್ತು ನಂಗೆ. ಗಿರಾಕಿಗಳಿಗೆ ಅದು ಬೇಕಿರ್ಲಿಲ್ಲ. ನಿಮ್ಮ ಕಾಲಿಗೆ ಆ ಕಡೆನೇ ತಾನೇ ಆಗೋದು..." ಕುದುರೆಯ ಹಣೆ ಸವರಿದಳು. "ಕೊಟ್ರಾ ಅದಕ್ಕೆ?"

ಸುಪೋಯೊ ಖಾಲಿ ಮುಷ್ಟಿಯನ್ನು ಬಿಗಿ ಮಾಡಿದ.

"ಕೊಟ್ಟೆ," ಅಂದ.

ಮೆಂಡುಂಗ್ ಕತ್ತು ಹೊರಳಿಸಿ, ಅವನ ಮಂಡಿಯ ಹತ್ತಿರ ತುಟಿ ಚಾಚಿ, ಇನ್ನೂ ಕಾಯುತ್ತಿತ್ತು.