ಕೋಣೆಯಲ್ಲಿ ಇನ್ನೊಬ್ಬರು

‘ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ. ದಯವಿಟ್ಟು ಹೊರಗೆ ಕಳಿಸಿ’ ಎಂದಿತು ಲ್ಯಾಪ್‌ಟಾಪಿನ ಪರದೆ.

ನಚಿಕೇತ ತಿರುಗಿ ನೋಡಿದ. ಬಾಗಿಲಿಗೆ ಚಿಲಕ ಹಾಕಿತ್ತು. ಮಂಚದ ಕೆಳಗೂ ಬಗ್ಗಿ ನೋಡಿದ. ಚಪ್ಪಲಿ, ಹಳೆಯ ಸೂಟ್‌ಕೇಸು. ಉಪ್ಪಲ್‌ನ ತನ್ನದೇ ಮನೆಯಲ್ಲಿ, ಹಾಡುಹಗಲು, ಮೂವತ್ತೈದು ದಾಟಿದ ಗಂಡಸು ಮಂಚದ ಕೆಳಗೆ ಮನುಷ್ಯನನ್ನು ಹುಡುಕುತ್ತಿದ್ದಾನೆ. ನಗು ಬರಬೇಕಿತ್ತು. ಬರಲಿಲ್ಲ.

ಆನ್‌ಲೈನ್ ಪರೀಕ್ಷೆ ಹತ್ತಕ್ಕೆ. ಅಷ್ಟರೊಳಗೆ ಕ್ಯಾಮೆರಾ ಅಭ್ಯರ್ಥಿಯ ಮುಖವನ್ನು ಒಪ್ಪಿಕೊಳ್ಳಬೇಕು, ಕೋಣೆಯಲ್ಲಿ ಮತ್ತೊಂದು ಮುಖ ಇರಕೂಡದು. ಒಪ್ಪದಿದ್ದರೆ ಮುಂದಿನ ವರ್ಷ. ಅವನು ಕೆಲಸ ಮಾಡುವ ಕೊಂಡಾಪುರದ ಕಚೇರಿ ಮುಂದಿನ ವರ್ಷದವರೆಗೆ ಕಾಯುವುದಿಲ್ಲ. ಡಿಗ್ರಿ ಇಲ್ಲದವರನ್ನು ಇನ್ನು ಇಟ್ಟುಕೊಳ್ಳುವುದಿಲ್ಲವೆಂದು ನಗುತ್ತಲೇ ತಿಳಿಸಿದ್ದರು.

“ಶುರು ಆತೇನ್ರಿ?” ಬಾಗಿಲಾಚೆಯಿಂದ ಭಕ್ತಿ ಕೇಳಿದಳು.

“ಇಲ್ಲ.”

“ಕುಕ್ಕರ್ ಇಡಲೋ ಬ್ಯಾಡೋ? ಅದರ ಸೀಟಿಗೆ ನಿಮ್ಮ ಎಂ.ಕಾಂ. ಹಾರಿ ಹೋದೀತು.”

“ಇಡಬ್ಯಾಡ.”

“ಮತ್ತ ಮಧ್ಯಾಹ್ನ ಪ್ರಶ್ನಿಪತ್ರಿಕಿನೇ ಉಣ್ಣೋಣು.”

ಎಂ.ಕಾಂ. ಎಂದೇ ಅವಳು ನಂಬಿದ್ದಳು. ನಚಿಕೇತ ಬರೆಯಲು ಕೂತದ್ದು ಬಿ.ಕಾಂ.; ಉಳಿದಿದ್ದ ಕೊನೆಯ ವಿಷಯ ಲೆಕ್ಕಪರಿಶೋಧನೆ. ಹೆಣ್ಣು ನೋಡಲು ಬೀದರಿಗೆ ಹೋದಾಗ ಅಪ್ಪ, ಇಡೀ ಸರ್ವಿಸಿನಲ್ಲಿ ಒಂದು ಸುಳ್ಳು ಬಿಲ್ಲಿಗೂ ಸಹಿ ಹಾಕದ ಸೂಪರಿಂಟೆಂಡೆಂಟ್, ಚಹಾ ಬಸಿ ಕೆಳಗಿಡುತ್ತ ‘ಹುಡುಗ ಬಿ.ಕಾಂ. ಆಗ್ಯಾನ’ ಎಂದುಬಿಟ್ಟಿದ್ದರು. ಹೊರಗೆ ಬಂದ ಮೇಲೆ, ಆಟೋ ಹಿಡಿಯುವ ಮುನ್ನ, ‘ನಾ ಅಂದಬಿಟ್ಟೀನಿ. ಇನ್ನ ನೀ ಖರೇ ಮಾಡು’ ಎಂದರು. ಮದುವೆಯಾದ ಮರುವರ್ಷ ತೀರಿಕೊಂಡರು. ಖರೇ ಮಾಡುವ ಕೆಲಸ ಉಳಿಯಿತು.

ಸುಲ್ತಾನ್ ಬಜಾರ್‌ನಲ್ಲಿ ಒಂದು ಸೀರೆ ಅಂಗಡಿಯ ಮೇಲೆ ಅವನು ಸೇರಿದ ದೂರಶಿಕ್ಷಣ ಸಂಸ್ಥೆ. ಕೋಣೆಗಿಂತ ಬೋರ್ಡು ದೊಡ್ಡದು. ಅಗ್ಗವಾಗಿತ್ತು, ಯಾರೂ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ, ಅದು ಇನ್ನೂ ಹಿತವಾಗಿತ್ತು. ಪಾಠಗಳು ಫೋನಿಗೆ ಬರುತ್ತಿದ್ದವು. ಮೆಟ್ರೋದಲ್ಲಿ ನಿಂತು ಕೇಳಿ ಕೇಳಿ, ಯಾವ ಪಾಠದ ಯಾವ ಜಾಗದಲ್ಲಿ ಪಾಠ ಹೇಳುವ ಮೇಷ್ಟ್ರು ಕೆಮ್ಮುತ್ತಾರೆ ಎಂಬುದೂ ಅವನಿಗೆ ಬಾಯಿಪಾಠವಾಗಿತ್ತು. ಅವರ ಮೇಲೆ ಒಂದು ಥರದ ಪ್ರೀತಿಯೇ ಹುಟ್ಟಿತ್ತು. ಒಮ್ಮೆ ಅವರಿಗೊಂದು ಸಂದೇಹ ಬರೆದು ಕಳಿಸಿದ. ‘ನಿಮ್ಮ ಪ್ರಶ್ನೆ ತಲುಪಿದೆ, ಧನ್ಯವಾದ’ ಎಂದು ಆ ಕ್ಷಣವೇ ಉತ್ತರ ಬಂತು. ಆಮೇಲೆ ಏನೂ ಬರಲಿಲ್ಲ.

ಈಗ ಪರದೆಯನ್ನು ಸರಿಯಾಗಿ ನೋಡಿದ. ಎರಡು ಚೌಕಗಳಿದ್ದವು. ಕೆಂಪು ಚೌಕದೊಳಗೆ ಅವನ ಮುಖ. ಭುಜದ ಮೇಲೆ, ಹಿಂದಿನ ಗೋಡೆಯಲ್ಲಿ, ಹಸಿರು ಚೌಕದೊಳಗೆ ಗಂಧದ ಹಾರ ಹಾಕಿದ ಅಪ್ಪನ ಮುಖ.

ಸಂಸ್ಥೆಗೆ ಫೋನ್ ಹಚ್ಚಿದ. ವಿದ್ಯಾರ್ಥಿಗಳ ಫೋನ್ ನೋಡಿಕೊಳ್ಳುವ ಆಶಿಷ್ ಎತ್ತಿದ.

“ಇಲ್ಲಿ ನನ್ನ ಪರದಿ ಮ್ಯಾಲೂ ಕಾಣಾಕತ್ತೈತ್ರಿ ಸರ್. ಹಿಂದ ಒಬ್ಬ ಹಿರೇರು ಅದಾರಲ್ಲ.”

“ಅವರು ನಮ್ಮ ತಂದಿ.”

“ಹೊರಗ ಕಳಸ್ರಿ.”

“ತೀರಿಕೊಂಡಾರ.”

“ಆದ್ರೂ ಕಳಸಬೇಕಾಗ್ತದ್ರಿ. ಸಿಸ್ಟಮ್ ಕೇಳಂಗಿಲ್ಲ.”

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಅವ್ವ. ದಿನಾ ಬೆಳಿಗ್ಗೆ ಫೋಟೋಕ್ಕೆ ಹೂ ಏರಿಸದೆ ಅವರು ಬಾಯಿಗೆ ನೀರು ಹಾಕುವವರಲ್ಲ. ಇಂದು ಪರೀಕ್ಷೆಯ ಗಡಿಬಿಡಿಯಲ್ಲಿ ಅದು ತಪ್ಪಿತ್ತು. ಚಿಲಕ ತೆಗೆದ. ಮಗ ಸ್ಟೂಲು ಹತ್ತಿ ಅಪ್ಪನನ್ನು ಮೊಳೆಯಿಂದ ಇಳಿಸುವುದನ್ನು ಅವ್ವ ಸುಭದ್ರಾಬಾಯಿ ಕೈಯಲ್ಲಿ ದಾಸವಾಳ ಹಿಡಿದು ನೋಡುತ್ತ ನಿಂತರು.

“ಅವರನ್ಯಾಕ ಇಳಸ್ತಿ ನಚಿ?”

“ಮಷಿನ್ನಿಗೆ ನಡ್ಯಾಂಗಿಲ್ಲ.”

ಅವ್ವ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. “ಅವರ ಬಾಯಿಂದ ಬಂದ ಮಾತು ಅದು. ಅವರ ಎದರಿಗೇ ಖರೇ ಆಗ್ಲಿ ಅಂತ ನಾ ಇಷ್ಟ ದಿನ ಕಾದೀನಿ.”

“ಅವ್ವಾ, ಹೊರಗ ಹೋಗು. ನಿನ್ನ ಮುಖಾನೂ ಹಿಡೀತದ ಅದು.”

“ಹಿಡೀಲಿ. ನಾ ಏನ ಕದ್ದೀನಿ?”

ಅವನು ಫೋಟೋವನ್ನು ಮಂಚದ ಮೇಲೆ ಬೋರಲು ಹಾಕಿದ. ಅವ್ವ ಹೂವನ್ನು ಅದರ ಬೆನ್ನ ಮೇಲಿಟ್ಟು, ಬಾಗಿಲು ಎಳೆದುಕೊಂಡು ಹೋದರು. ಗೋಡೆಯ ಮೇಲೆ ಫೋಟೋದ ಅಳತೆಯ ತಿಳಿ ಬಣ್ಣ ಉಳಿದಿತ್ತು.

ಕೂತ. ಪರದೆ ಯೋಚಿಸಿತು.

‘ಅಭ್ಯರ್ಥಿಯ ಮುಖ ಕಾಣುತ್ತಿಲ್ಲ.’

ಹತ್ತಿರ ಸರಿದ. ದೂರ ಸರಿದ. ಕಿಟಕಿಯ ಪರದೆ ಎಳೆದ, ದೀಪ ಹಾಕಿದ, ಕನ್ನಡಕ ತೆಗೆದ. ಕೆಂಪು ಚೌಕ ಅವನ ಜೊತೆಜೊತೆಗೇ ಸರಿಯಿತು. ಇನ್ನೂ ಕಟ್ಟಾಗದ ಫೋನನ್ನು ಮತ್ತೆ ಕಿವಿಗಿಟ್ಟ.

“ಆಶಿಷ್, ತಗದೀನಿ. ಈಗ ನಾನೂ ಇಲ್ಲ ಅಂತದ.”

“ತಡೀರಿ ಸರ್.” ಕೀಲಿಗಳ ಸದ್ದು. “ಅಡ್ಮಿಷನ್ ಫೋಟೋದಾಗ ನಿಮಗ ಮೀಸಿ ಅದಾವು. ಮಕಾ ತುಂಬಿಕೊಂಡೈತಿ. ಈಗ ಗಡ್ಡ ಬಿಟ್ಟೀರಿ, ಭಾಳ ಸೊರಗೀರಿ.”

“ಅದಕ್ಕ?”

“ಅದಕ್ಕ ಆಗಲೇ ಹಸಿರು ಬಂದಿತ್ತಲ್ರಿ, ಆ ಹಿರೇರ ಮ್ಯಾಲೆ. ಅಭ್ಯರ್ಥಿ ಅಂದ್ರ ಅವರು ಅಂತ ತಿಳದೈತಿ ಅದು.”

“ಮತ್ತ ಅದು ಹೊರಗ ಕಳಸ್ರಿ ಅಂದದ್ದು ಯಾರನ್ನ?”

“ನಿಮ್ಮನ್ನರಿ.”

ಯಾವ ವ್ಯಂಗ್ಯವೂ ಇಲ್ಲದ, ಗಿರಾಕಿಗೆ ಬಟ್ಟೆಯ ಅಳತೆ ಹೇಳುವಂಥ ದನಿ. “ಎರಡ ಮಿನಿಟ್ ಅದಾವ ನೋಡ್ರಿ ಸರ್. ನನ್ನ ಕೈಯಾಗ ಏನೂ ಇಲ್ಲ.” ಫೋನ್ ಕಟ್ಟಾಯಿತು.

ಅಪ್ಪನ ಮುಖ ಕಿತ್ತಿ ಇಟ್ಟಂಗ ಅದಾನ, ಎನ್ನುತ್ತಿದ್ದರು ನೆಂಟರೆಲ್ಲ. ಚಿಕ್ಕವನಿದ್ದಾಗ ಅವನಿಗೆ ಹೆದರಿಕೆಯಾಗುತ್ತಿತ್ತು: ಕಿತ್ತಿಟ್ಟದ್ದನ್ನು ಯಾರಾದರೂ ವಾಪಸ್ ಕೇಳಿದರೆ?

ಎದ್ದ. ಬೋರಲು ಬಿದ್ದವರನ್ನು ಎತ್ತಿದ. ಹೂ ನೆಲಕ್ಕೆ ಬಿತ್ತು. ಹಾರ ಸರಿಸಿ, ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. ಕುರ್ಚಿಯಲ್ಲಿ ಕೂತು, ಎರಡೂ ಕೈಯಲ್ಲಿ ಚೌಕಟ್ಟು ಹಿಡಿದು, ತನ್ನ ಮುಖದ ಎದುರಿಗೆ ತಂದುಕೊಂಡ.

ಟಿಣ್ ಎಂದಿತು.

ಅಂಚಿನಿಂದ ಇಣುಕಿದ. ಹಸಿರು. ‘ಸ್ವಾಗತ, ನಚಿಕೇತ. ಬಿ.ಕಾಂ. ಲೆಕ್ಕಪರಿಶೋಧನೆ ಪರೀಕ್ಷೆ ಆರಂಭವಾಗಿದೆ. ಪರೀಕ್ಷೆ ಮುಗಿಯುವವರೆಗೆ ಮಾತಾಡಬಾರದು, ಮುಖ ಸರಿಸಬಾರದು.’ ಕೆಳಗೆ ಮೊದಲ ಪ್ರಶ್ನೆ ಮೂಡುತ್ತಿತ್ತು. ಓದಲು ಫೋಟೋವನ್ನು ತುಸು ಇಳಿಸಿದ. ಚೌಕ ಕೆಂಪಾಗತೊಡಗಿತು. ತಟ್ಟನೆ ಮೇಲೆತ್ತಿದ. ಹಸಿರು.

ಚೌಕಟ್ಟು ಭಾರವಿತ್ತು. ತೂಗುಹಾಕುವ ತಂತಿ ಬೆರಳನ್ನು ಕೊರೆಯುತ್ತಿತ್ತು. ಆಚೆ ಬದಿಯಲ್ಲಿ ಅಪ್ಪ ಪ್ರಶ್ನೆಗಳನ್ನು ನೋಡುತ್ತಿದ್ದರು.

“ರೀ,” ಭಕ್ತಿಯ ದನಿ ಬಾಗಿಲಿಗೆ ತೀರ ಹತ್ತಿರವಿತ್ತು. “ಇಷ್ಟೊತ್ತು ಯಾರ ಜೋಡಿ ಮಾತಾಡಾಕತ್ತಿದ್ರಿ? ಅತ್ತಿಯವರು ಯಾಕ ಅಳಾಕತ್ತಾರ?”

ಅವನು ಮಾತಾಡುವಂತಿರಲಿಲ್ಲ. ಅವ್ವ ಹೋದ ಮೇಲೆ ಚಿಲಕ ಹಾಕಿಕೊಂಡಿರಲಿಲ್ಲ.

“ರೀ?”

ಬಾಗಿಲಿನ ತಿರುಗಣೆ ಕಿರ್ರೆಂದಿತು. ನಚಿಕೇತ ಕೈ ಇಳಿಸಲಿಲ್ಲ. ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ, ಫೋಟೋದ ಹಿಂದಿನ ಕಂದು ರಟ್ಟು. ಅದರ ಮೂಲೆಯಲ್ಲಿ, ಎಂದೋ ಹಲ್ಲಿಯೊಂದು ಇಟ್ಟ ಮೊಟ್ಟೆಯ ಒಡೆದ ಸಿಪ್ಪೆ, ಬಿಳಿಯದು, ಒಳಗೆ ಏನೂ ಇಲ್ಲದೆ, ಗಟ್ಟಿಯಾಗಿ ಅಂಟಿಕೊಂಡಿತ್ತು.